ಆನೇಕಲ್ಲಿನ ವಿಳಾಸ ನನಗೆ ಬೇಡ

ಅವಲಪಲ್ಲಿ, ಹೊಸೂರು,
ಭಾನುವಾರ, 15 ಜೂನ್ 2025

ಪ್ರೀತಿಯ ಅಮ್ಮಾ,

ನಿನ್ನ ಮಗಳು ಚೆನ್ನಾಗಿದ್ದಾಳೆ, ಮೊದಲು ಅದನ್ನು ನಂಬು. ಫೋನ್ ಮಾಡಿದರೆ ಮುನಿಕೃಷ್ಣ ಮಾವ ನಿನ್ನ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಾನೆ. ಅದಕ್ಕೇ ಈ ಕಾಗದ. ಗೆಳತಿ ಶಾಂತಿ ನಮ್ಮೂರು ಗುಮ್ಮಳಾಪುರಕ್ಕೆ ಬರುತ್ತಿದ್ದಾಳೆ, ಅವಳ ಕೈಯಲ್ಲಿ ಕಳಿಸಿದ್ದೇನೆ.

ಸೂಳಗಿರಿಯ ಫ್ಯಾಕ್ಟರಿ ಕೆಲಸ ಸಿಗಲಿಲ್ಲ. ಮೆಷಿನ್ ಮೇಲೆ ಕೆಲಸ ಮಾಡಿಸಿ ನೋಡಿದರು, ಚೆನ್ನಾಗಿಯೇ ಮಾಡಿದೆ. ಆಮೇಲೆ ತಮಿಳಿನಲ್ಲಿ ಅರ್ಜಿ ಬರೆಯಲು ಹೇಳಿದರು. ನಾನು ಕನ್ನಡ ಶಾಲೆಯಲ್ಲಿ ಓದಿದವಳು. ಮಾತು ಬರುತ್ತದೆ, ಬರೆಯಲು ಕೂತರೆ ತಡವರಿಸುತ್ತೇನೆ. ಅಲ್ಲಿದ್ದ ಅಧಿಕಾರಿ, ಕನ್ನಡದವರಾದರೆ ಗಡಿಯಾಚೆ ಅತ್ತಿಬೆಲೆ ಕಡೆ ಹೋಗಿ ಕೇಳಿ ಎಂದರು. ಅತ್ತಿಬೆಲೆಯಲ್ಲಿ ಹೋದ ತಿಂಗಳು ನನ್ನ ಆಧಾರ್ ನೋಡಿ, ನೀವು ತಮಿಳುನಾಡಿನವರು, ಹೊಸೂರಲ್ಲೇ ಕೇಳಿ ಎಂದು ಕಳಿಸಿದ್ದರು.

ಅವತ್ತು ಸುಮ್ಮನೆ ಎದ್ದು ಬಂದಿದ್ದೆ. ಈ ಸಲ ಏಳಲಿಲ್ಲ. ಸಿಟ್ಟಿನಲ್ಲಿ ಬಾಯಿಗೆ ನಮ್ಮ ಮಾತೇ ಬಂತು: "ನಮ್ ತಾತನ್ ಕಾಲ್ದಿಂದ ಇಲ್ಲೇ ಇದೀವಿ ಸಾರ್, ನಾನೆಲ್ಗೂ ಹೋಗಾಕಿಲ್ಲ. ತಮಿಳ್ ಬರೆಯೋದ್ ಕಲ್ತು ಇದೇ ಗೇಟಿಗೆ ಬತ್ತೀನಿ." ಅವರಿಗೆ ಅರ್ಥವಾಗದಿದ್ದರೆ ಎಂದು ತಮಿಳಿನಲ್ಲಿ ಇನ್ನೊಂದು ಸಲ ಹೇಳಿದೆ. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಅತ್ತುಬಿಟ್ಟೆ, ನಿನ್ನ ಹತ್ತಿರ ಅದನ್ನೇಕೆ ಮುಚ್ಚಿಡಲಿ.

ಇನ್ನು ಮಾವ ತಂದ ಸಂಬಂಧ. "ಆನೇಕಲ್ ದೇವರಾಜುನ ಮಾಡ್ಕೊಂಡ್ರೆ ನಿನ್ ವಿಳಾಸ ಕರ್ನಾಟಕದ್ದಾಯ್ತದೆ ಕಣಮ್ಮಿ, ಕೆಲ್ಸ ತಾನಾಗೇ ಸಿಕ್ತದೆ" ಎಂದು ದಿನಾ ಫೋನಿನಲ್ಲಿ ಹೇಳುತ್ತಾನಲ್ಲ. ಆಧಾರಿನಲ್ಲಿ ಊರ ಹೆಸರು ಬದಲಾಗಲಿ ಅಂತ ಯಾರದೋ ತಾಳಿಗೆ ಕುತ್ತಿಗೆ ಒಡ್ಡಬೇಕಾ ಅಮ್ಮಾ? ನನಗೆ ಮದುವೆ ಬೇಕೆನಿಸಿದಾಗ ಆಗುತ್ತೇನೆ, ಊರು ಬಿಡಬೇಕೆನಿಸಿದಾಗ ಬಿಡುತ್ತೇನೆ. ಯಾರೋ ಹೋಗು ಎಂದರೆಂದು ಹೋಗುವವಳಲ್ಲ ನಾನು.

ಈಗ ಹೂವಿನ ಶೆಡ್ಡಿನಲ್ಲಿ ಗುಲಾಬಿ ಕಟ್ಟುವ ಕೂಲಿಗೆ ಹೋಗುತ್ತಿದ್ದೇನೆ. ಕೈತುಂಬ ಮುಳ್ಳಿನ ಗೀರು. ಸಂಜೆ ಪಕ್ಕದ ಮನೆಯ ಸೆಲ್ವಿ ಅಕ್ಕ ತಮಿಳು ಬರೆಸುತ್ತಾಳೆ. ನನ್ನ ಅಕ್ಷರ ನೋಡಿ ಬಿದ್ದು ಬಿದ್ದು ನಗುತ್ತಾಳೆ, ತಿದ್ದದೆ ಬಿಡುವುದಿಲ್ಲ.

ಮಾವ ಕೇಳಿದರೆ ಒಲ್ಲೆ ಅಂದಳು ಅಂತಲೇ ಹೇಳು. ನೋಡೋಣ, ಯೋಚನೆ ಮಾಡ್ತಾಳಂತೆ ಅಂತೆಲ್ಲ ಮೆತ್ತಗೆ ಮಾಡಿ ಹೇಳಬೇಡ.

ಇಂತಿ,
ನಿನ್ನ ಹಟಮಾರಿ
ವೆಂಕಟಲಕ್ಷ್ಮಿ

ಮರೆತಿದ್ದೆ: ನಿನ್ನೆ ದೇವರಾಜುಗೆ ನಾನೇ ಫೋನ್ ಮಾಡಿ ಒಲ್ಲೆ ಎಂದೆ. ಬೈಯುತ್ತಾರೇನೋ ಅಂದುಕೊಂಡಿದ್ದೆ, ಪಾಪ, ಗಾಬರಿಯಾಗಿಬಿಟ್ಟರು. ಅವರ ಕಂಪನಿ ಯುಗಾದಿಗೆ ಮುಂಚೆಯೇ ಬಾಗಿಲು ಹಾಕಿದೆಯಂತೆ. "ನಿಮ್ಮನ್ನ ಮದ್ವೆ ಮಾಡ್ಕೊಂಡ್ರೆ ಹೊಸೂರಾಗೆ ಕೆಲ್ಸ ಕೊಡಿಸ್ತೀನಿ ಅಂದಿದ್ರಲ್ಲ ನಿಮ್ ಮಾವ!" ಎಂದರು.