ಹೊಂಗೆಯ ನೆರಳಿಗೊಬ್ಬ ದೊರೆ

ಚಳ್ಳಕೆರೆ ಬಯಲು
ಮೂರನೆಯ ಬೇಸಿಗೆಯ ನಲವತ್ತನೆಯ ದಿನ, ೨೩೪೧

ನನ್ನ ಮುತ್ತಜ್ಜಿಯರಿಗೂ ಮುತ್ತಜ್ಜಿಯಾದ ನಿಂಗಮ್ಮನವರಿಗೆ,

ನಮ್ಮ ಮೊದಲ ದೊರೆಯನ್ನು ಜನ ಪ್ರೀತಿಯಿಂದಲೇ ದೊರೆ ಮಾಡಿದರು ಎಂಬುದನ್ನು ಈ ಪತ್ರದಲ್ಲಿ ಬಿಟ್ಟುಬಿಡುವವಳಿದ್ದೆ. ನಾನು ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಓದಿದ ಚರಿತ್ರೆಯಲ್ಲಿ ದೊರೆಗಳೆಲ್ಲ ಕತ್ತಿ ಹಿಡಿದೇ ಬಂದಿದ್ದರು. ಹಾಗೆಂದು ಬರೆಯುವುದು ಸುಲಭವಿತ್ತು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ.

ನಮ್ಮಲ್ಲಿ ವರ್ಷಕ್ಕೆ ಮೂರು ಬೇಸಿಗೆ. ಹಗಲಿನ ಬದುಕೆಲ್ಲ ನೆರಳುಸಾಲಿನಲ್ಲಿ, ಎಂದರೆ ನೀವು ರಸ್ತೆಬದಿಗೆ ನೆಟ್ಟ ಹೊಂಗೆಗಳ ಸಂತತಿಯ ಕೆಳಗೆ. ಅಲ್ಲೇ ಮಗ್ಗ, ಅಲ್ಲೇ ಪಾಠ, ಅಲ್ಲೇ ರೊಟ್ಟಿ ಬಡಿಯುವುದು, ಜಗಳ, ಬಾಣಂತಿಯರ ಮಂಚ. ಬರದ ವರ್ಷಗಳಲ್ಲಿ ನೀರು ಹೊತ್ತು ಆ ಮರಗಳನ್ನು ಉಳಿಸಿದವನೇ ಆ ಮೊದಲ ದೊರೆ; ಅವನಿಗೆ ಊರು ಒಂದು ಮರದ ನೆರಳನ್ನು ವಂಶಪಾರಂಪರ್ಯವಾಗಿ ಕೊಟ್ಟಿತು. ಮಗ ಹತ್ತು ಮರ ಪಡೆದ. ಮೊಮ್ಮಗನ ಕಾಲಕ್ಕೆ ಸಾಲೆಲ್ಲ ಅರಮನೆಯದು. ಕೂರುವವರು ನೆರಳುಗಂದಾಯ ಕೊಡಬೇಕು, ದೊರೆಯ ನೆಂಟರು ಮಾತ್ರ ಕೊಡಬೇಕಿಲ್ಲ. ನೇಕಾರರು ದುಡಿದು ಸಿರಿವಂತರಾದರೂ ಆ ನೆಂಟರೆದುರು ಕೂರುವಂತಿರಲಿಲ್ಲ. ಕೂಲಿಯವರು ಬಿಸಿಲಿಗೆ ಸರಿದರು. ಆಮೇಲೆ ಜೋಳ ಕೈಕೊಟ್ಟಿತು. ಕಂದಾಯ ಮಾತ್ರ ಏರಿತು.

ಕಡೆಯ ದೊರೆ ಕೆಟ್ಟವನಲ್ಲ. ಬಿಸಿಲಿನಲ್ಲಿ ನಿಂತವರಿಗೆ ಕೈಯಾರೆ ಮಜ್ಜಿಗೆ ಹಂಚಲು ಬಂದ, ಹಿಂದೆ ನೆಂಟರ ಗುಂಪು. ಅವರಿಗೆ ಜಾಗವಾಗಲೆಂದು ಕಾವಲಿನವರು ಇನ್ನಷ್ಟು ಜನರನ್ನು ಬಿಸಿಲಿಗೆ ನೂಕಿದರು. ನನ್ನ ಅಜ್ಜಿ ಬೋರಕ್ಕ ಕಂಕುಳಲ್ಲಿ ಮಗು ಹೊತ್ತು ನಿಂತಿದ್ದವಳು ಲೋಟ ಹಿಂದಕ್ಕೆ ಕೊಟ್ಟಳು.

"ಮಜ್ಜಿಗೆ ಬ್ಯಾಡ ನನ್ನೊಡೆಯ, ಚೂರು ಅತ್ಲಾಗೆ ಸರ್ಕೋ."

ಸಾಲಿನುದ್ದಕ್ಕೂ ಜನ ನಕ್ಕರಂತೆ. ನಕ್ಕವರು ಒಬ್ಬೊಬ್ಬರಾಗಿ ನೆರಳಿಗೆ ಬಂದು ಕೂತರು, ಮತ್ತೆ ಏಳಲಿಲ್ಲ. ಸಂಜೆಗೆ ಕಾವಲಿನವರೂ ಕೂತರು.

ಈಗ ಊರಿನವರು ಬೋರಕ್ಕನ ಮೇಲಿನ ಪ್ರೀತಿಗೆ, ಅಂದು ಅವಳು ಕೂತ ಮರದ ನೆರಳನ್ನು ನಮ್ಮ ವಂಶಕ್ಕೆ ಶಾಶ್ವತವಾಗಿ ಕೊಡುತ್ತಾರಂತೆ. ನಾಳೆ ಸಭೆ. ನನ್ನ ಮಗಳು ನೀಲಿಗೆ ಬಿಸಿಲು ತಡೆಯದು, ಮೈಯೆಲ್ಲ ಬೊಬ್ಬೆ ಏಳುತ್ತದೆ. ಅದಕ್ಕೇ ಹೂಂ ಎಂದುಬಿಟ್ಟಿದ್ದೆ. ಮೊದಲ ದೊರೆಯೂ ತನ್ನ ಮಗುವಿಗಾಗಿಯೇ ಹೂಂ ಎಂದಿದ್ದನೋ ಏನೋ. ನೀಲಿ ನಗುತ್ತಾಳೆ: "ಬಿಡವ್ವ, ನಾನು ದೊರೆಸಾನಿ ಆದ್ರೆ ನಿಂಗೂ ಮಜ್ಜಿಗೆ ಕಳಿಸ್ತೀನಿ."

ನಾಳೆ ಬೇಡವೆನ್ನುತ್ತೇನೆ, ಬಿಸಿಲು ತಡೆಯದವರು ಯಾರೇ ಇರಲಿ, ಮೊದಲು ಅವರು ಕೂರಲಿ ಎಂದು ಕೇಳುತ್ತೇನೆ. ನಿಜಕ್ಕೂ ಹಾಗೆನ್ನುತ್ತೇನೆಯೇ? ಮಗಳ ತೋಳಿನ ಬೊಬ್ಬೆಗಳಿಗೆ ಈಗಷ್ಟೇ ಎಣ್ಣೆ ಸವರಿ ಬಂದೆ. ನೀವು ಸಸಿಗಳಿಗೆ ನೀರು ಹಾಕುತ್ತಿರಿ, ಅಜ್ಜಿ. ಮರದ ಬುಡದಲ್ಲಿ ನಿಮ್ಮ ಹೆಸರಿನ ಹಲಗೆ ಮಾತ್ರ ನಿಲ್ಲಿಸಲು ಬಿಡಬೇಡಿ, ಯಾರು ಎಷ್ಟೇ ಅಕ್ಕರೆಯಿಂದ ಕೇಳಿದರೂ.

ಸಭೆಯಲ್ಲಿ ಹೇಳಿ ಬಂದ ಮೇಲಷ್ಟೇ ಇದನ್ನು ಹಿಂದಿನ ಕಾಲಕ್ಕೆ ಹೋಗುವ ಅಂಚೆಗೆ ಹಾಕುತ್ತೇನೆ. ಪತ್ರ ನಿಮ್ಮ ಕೈಸೇರಿತೆಂದರೆ ಹೇಳಿದೆ ಎಂದೇ ತಿಳಿಯಿರಿ.

ಅಂಚೆಗೆ ಹಾಕುವುದು: ಮೂರನೆಯ ಬೇಸಿಗೆಯ ನಲವತ್ತೊಂದನೆಯ ದಿನ, ೨೩೪೧.