ಇಳಕಲ್ ಗಾಡಿ ಹತ್ತಿದ ಬೆಕ್ಕು

ಜೂನ್ 11, ಮಂಗಳವಾರ
ಬೆಳಗಿನ ಡ್ಯೂಟಿ. ಹುಬ್ಬಳ್ಳಿ ಗಾಡಿ ಇಪ್ಪತ್ತು ನಿಮಿಷ ಲೇಟ್. ಬೈಗುಳ ಮಾತ್ರ ಬಸ್ ಸ್ಟ್ಯಾಂಡಿನ ಕಂಟ್ರೋಲರ್‌ಗೆ — ಅಂದರೆ ನನಗೆ. ಕ್ಯಾಬಿನ್ನಿನಲ್ಲಿ ಕುರ್ಚಿ ಕೆಳಗೆ ಬೂದಿ ಬಣ್ಣದ ಬೆಕ್ಕು. ಹಿಂಗಾಲಿನ ಗಾಯ ಕೀವಾಗಿದೆ. ಓಡಿಸಿದೆ. ಮತ್ತೆ ಬಂತು. ಕುಳಗೇರಿ ಕ್ರಾಸಿನಲ್ಲಿ ಇಳಿದವರೆಲ್ಲ ಇನ್ನೊಂದು ಬಸ್ ಹತ್ತಿ ಹೋಗುವವರೇ... ಇದೊಂದು ಕೂತಿತು.

ಜೂನ್ 14
ಕೈಚೀಲದಲ್ಲಿ ಹಾಕಿಕೊಂಡು ಬಾದಾಮಿಯ ದನದ ದವಾಖಾನಿಗೆ ಒಯ್ದೆ. ಇಳಕಲ್ ಗಾಡಿಯ ಕಂಡಕ್ಟರ್ ಅನೀಸ ಚೀಲದೊಳಗೆ ಇಣುಕಿದ. “ಇವರಿಗೆ ಹಾಫ್ ಟಿಕೆಟ್ ಆಗೂದಿಲ್ಲ ಸರ, ಮೀಸಿ ಬಂದಾವು.” ಬಸ್ಸೆಲ್ಲ ನಕ್ಕಿತು. ನಾನೂ.
ಇಂಜೆಕ್ಷನ್ ಅದಕ್ಕೆ, ಪರಚಿದ ಗಾಯ ನನಗೆ.

ಜುಲೈ 2
ಕಾಲು ವಾಸಿ. ರೂಮಿನಲ್ಲೇ ಇಟ್ಟುಕೊಂಡಿದ್ದೇನೆ. ಹಾಸಿಗೆಯ ನಡುವೆ ಅದು, ಅಂಚಿಗೆ ನಾನು. ಡ್ಯೂಟಿಗೂ ಹಿಂದೆಯೇ ಬರುತ್ತದೆ. ಸಂಜೆ ರೂಮಿನ ಬೀಗ ತೆಗೆಯಲು ಈಗ ಬೇಸರವಿಲ್ಲ.

ಆಗಸ್ಟ್ 21, ಮಧ್ಯಾಹ್ನ 3.10
ಬೆಕ್ಕು ಇಲ್ಲ. ಚಹಾ ಅಂಗಡಿಯ ಹಜರತಬಿ ನೋಡಿದಳಂತೆ. “ಇಳಕಲ್ ಗಾಡಿ ಹತ್ತೇತ್ರಿ. ನೀವ ಕಳಿಸೀರಿ ಅಂದ್ಕೊಂಡೆ.”
ಆ ಗಾಡಿಗೆ ಸೀಟಿ ಊದಿ ಬಿಟ್ಟವನು ನಾನೇ! ಅನೀಸನ ಫೋನ್ ನಾಟ್ ರೀಚೆಬಲ್.

ಅದೇ ದಿನ, 6.40
ಅನೀಸನೇ ಫೋನ್ ಮಾಡಿದ. ಇಳಕಲ್ ಸ್ಟ್ಯಾಂಡಿನಲ್ಲಿ ಹಿಂದಿನ ಸೀಟಿನಡಿಯಿಂದ ಜಿಗಿದು ಓಡಿತಂತೆ. ಕಾಂಪೌಂಡಿನ ಹತ್ತಿರ ಐದಾರು ಬೆಕ್ಕು. “ಎಲ್ಲಾ ಬೂದಿ ಬಣ್ಣದ್ವ ಅದಾವ್ರಿ. ಹೆಸರ ಹೇಳ್ರಿ, ಕರೀತೇನಿ.”
ಹೆಸರೇ ಇಟ್ಟಿಲ್ಲ.
“ಹಂಗಾರ ನೀವ ಕರೀರಿ. ಸ್ಪೀಕರ್ ಹಚ್ಚೇನಿ. ದಿನಾ ಏನಂತೀರಿ, ಅದನ್ನ ಅನ್ರಿ.”
ಕ್ಯಾಬಿನ್ ತುಂಬ ಜನ. ನಾಚಿಕೆ. ದಿನಾ ಅನ್ನುವುದು ಒಂದೇ ಮಾತು. ಗಂಟಲು ಸರಿಮಾಡಿಕೊಂಡು ಜೋರಾಗಿ ಅಂದೆ — “ಊಟಾ ಆತೇನ?”
ಯಾವ ಬೆಕ್ಕೂ ಕೂಗಲಿಲ್ಲ. ಇನ್ನೊಮ್ಮೆ ಅಂದೆ. ಹಾರ್ನ್ ಸದ್ದು ಅಷ್ಟೇ. ಬರಲಿಲ್ಲ.
ಆಮೇಲೆ ಅನೀಸ, ತನ್ನನ್ನೇ ಕೇಳಿದೆ ಅಂದುಕೊಂಡು — “ನಂದ ಇನ್ನೂ ಇಲ್ರಿ ಸರ. ನಿಮ್ದು?”
ಅವ್ವ ಹೋಗಿ ಎರಡು ವರ್ಷ. ಆಮೇಲೆ ಇದನ್ನು ನನಗೆ ಕೇಳಿದವರಿಲ್ಲ. ಅಷ್ಟು ಜನರೆದುರು ಅಳು ಬಂತು. ಆ ಕಡೆಯಿಂದ ಅನೀಸ, “ಸರ? ಕೇಳಸ್ತೈತ್ರಿ? ಮಾಡೀರೋ ಇಲ್ಲೋ...”
ಕಣ್ಣೊರೆಸಿಕೊಂಡು ಅಂದೆ — “ನಂದೂ ಇಲ್ಲಪಾ.”