ಕರ್ಪೂರ ಮುಟ್ಟದ ಕೈ

ನಂದಗುಡಿ ಹೋಬಳಿ, ಹೊಸಕೋಟೆ ತಾಲ್ಲೂಕು
8 ಫೆಬ್ರವರಿ 2026, ಭಾನುವಾರ

ಪ್ರೀತಿಯ ತಮ್ಮ ಬೈರೇಶನಿಗೆ,

ನೂರು ಕಾಲ ಬಾಳು ಎಂದು ಹರಸಿ ನಿನ್ನ ಅಕ್ಕ ಬರೆಯುವುದು. ಮೈಗೆ ಹೇಗಿದೆ? ಹೋದ ಸಲ ನೋಡಲು ಬಂದಾಗ ಜಾಲರಿಯ ಆಚೆ ನಿಂತು ಬರೀ ಕೆಮ್ಮುತ್ತಿದ್ದೆ. ಜೈಲಿನ ಡಾಕ್ಟರಿಗೆ ತೋರಿಸು. ಅದು ನಿನ್ನ ಹಕ್ಕಂತೆ, ಯಾರೂ ಮಾಡುವ ಉಪಕಾರವಲ್ಲವಂತೆ. ನಿನಗೆ ಸರ್ಕಾರ ಕೊಟ್ಟಿರುವ ವಕೀಲರು ಜಬೀನ್ ಮೇಡಂ ಹೇಳಿದರು. ಇಲ್ಲಿ ಅವರೆಕಾಯಿ ಕಾಲ ಮುಗಿಯುತ್ತಾ ಬಂತು. ಈ ವರ್ಷ ನಾನು ಹಿದುಕಿದ ಬೇಳೆ ಸಾರು ಒಂದು ದಿನವೂ ಮಾಡಲಿಲ್ಲ. ಮಾಡಿದರೆ ಕೈ ತಾನಾಗಿ ನಿನಗೊಂದು ಪಾಲು ಎತ್ತಿಡುತ್ತದೆ. ಅಕ್ಷರ ಸೊಟ್ಟಗಿವೆ ಎಂದು ನಗಬೇಡ, ಬಲಗೈ ಮಣಿಕಟ್ಟು ಇನ್ನೂ ಮೊದಲಿನಂತಾಗಿಲ್ಲ. ನಿನಗೆ ಕೊಡುವ ಮೊದಲು ಈ ಕಾಗದವನ್ನು ಜೈಲಿನವರು ಒಡೆದು ಓದುತ್ತಾರಂತೆ. ಓದಲಿ.

ಇಪ್ಪತ್ತೆರಡಕ್ಕೆ ನಮ್ಮ ಸಿಂಚನಳ ನಿಶ್ಚಿತಾರ್ಥ. ಹುಡುಗ ಒಳ್ಳೆಯವನ ಹಾಗೆ ಕಾಣುತ್ತಾನೆ. ಹಾಗೆ ಕಾಣುವ ಒಬ್ಬರನ್ನು ನಾನು ಹಿಂದೆಯೂ ನೋಡಿದ್ದೇನೆ, ಅದಿರಲಿ. ಹುಡುಗಿಯ ಸೋದರಮಾವ ಎಲ್ಲಿ ಎಂದು ಅವರ ಕಡೆಯವರು ಕೇಳಿದ್ದಕ್ಕೆ ನಿನ್ನ ಭಾವ, ಅವನು ದುಬೈನಲ್ಲಿದ್ದಾನೆ ಎಂದರು. ಎಣ್ಣೆ ಕಂಪನಿ, ರಜೆ ಸಿಗುವುದಿಲ್ಲ ಎಂದು ತಾವೇ ಸೇರಿಸಿದರು. ನಿನ್ನ ಜಾಗದಲ್ಲಿ ಚಿಕ್ಕಪ್ಪನ ಮಗ ಹರಿಪ್ರಸಾದ್ ಕೂರುತ್ತಾನೆ. ಸೋದರಮಾವ ಬದುಕಿರುವಾಗಲೇ ಅವನ ಜಾಗವನ್ನು ಇನ್ನೊಬ್ಬನಿಗೆ ಕೊಡುವುದನ್ನು ನಾನು ತಲೆಯಾಡಿಸಿ ಒಪ್ಪಿ ಬಂದವರಿಗೆ ಕಾಫಿ ಕೊಟ್ಟೆ.

ಹೋದ ವಾರ ಅಮ್ಮನ ತಿಥಿಗೆಂದು ನಮ್ಮೂರಿಗೆ ಹೋಗಿದ್ದೆ. ಆವತಿ ಗೇಟಿನಲ್ಲಿ ಬಸ್ಸಿಳಿದು ನಡೆದು ಹೋಗುವಾಗ ಮೂರ್ತಿ ಸಿಕ್ಕ. ಪಂಚಾಯ್ತಿ ಅಧ್ಯಕ್ಷಗಿರಿ ಹೋಗಿ ಎಷ್ಟೋ ವರ್ಷವಾದರೂ ಊರಿನ ನ್ಯಾಯವೆಲ್ಲ ಇನ್ನೂ ಅವನ ಹೆಗಲ ಟವೆಲ್ಲಿನಲ್ಲೇ ಇದೆ. 'ನಾವೇನು ಸುಮ್‌ಸುಮ್ನೆ ಪೊಲೀಸಿಗೆ ಕೊಟ್ವಾ ಗಂಗಮ್ಮಾ? ಎಲ್ಲಿದ್ದೆ ಹೇಳು ಅಂದ್ವಿ, ಹೇಳ್ಲಿಲ್ಲ. ಕರ್ಪೂರ ಆರ್ಸು ಅಂದ್ವಿ, ಆರ್ಸ್ಲಿಲ್ಲ. ಕದ್ದಿಲ್ದಿದ್ರೆ ಹೆದ್ರಿಕೆ ಯಾಕೆ?' ಎಂದ. ಮಾರಮ್ಮನ ಗುಡಿಯ ಬೆಳ್ಳಿ ಮುಖವಾಡ ಕದ್ದು ತಿಂದ ಕೋತಿ ಯಾವುದೋ, ಮೊಸರು ಮಾತ್ರ ಈ ಮೇಕೆಯ ಬಾಯಿಗೆ ಒರೆಸಿಯಾಗಿದೆ. ದೇವಸ್ಥಾನಕ್ಕೆ ವೈರಿಂಗ್ ಮಾಡುತ್ತಿದ್ದವನು ನೀನು, ಮುರಿದ ಬೀಗದ ಹತ್ತಿರ ಚಾರ್ಜಿಗೆ ಹಾಕಿದ್ದ ಫೋನು ನಿನ್ನದು. ಊರಿಗೆ ಅಷ್ಟು ಸಾಕಾಯಿತು. ಗುಡಿಯ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿದ್ದರೆ ಆ ಹೊತ್ತಿಗೇ ಬಿಟ್ಟುಬಿಡುತ್ತಿದ್ದರು, ಅದು ನಿಜ. ಆದರೆ ನಮ್ಮ ಮನೆಯ ವಿಷಯ ಅವರಿಗೇನು ಗೊತ್ತು. ಬದುವಿನ ಜಗಳದಲ್ಲಿ ಅಪ್ಪ ದೊಡ್ಡಪ್ಪನ ಪರವಾಗಿ ಸುಳ್ಳು ಆಣೆ ಮಾಡಿದರು. ವರ್ಷ ತುಂಬುವುದರೊಳಗೆ ಬಲಗೈ ಬಿದ್ದುಹೋಯಿತು. ಅವತ್ತು ಅಮ್ಮ ನಮ್ಮಿಬ್ಬರನ್ನು ಒಲೆಯ ಮುಂದೆ ಕೂರಿಸಿ, 'ಸುಳ್ಳಿರ್ಲಿ ನಿಜ ಇರ್ಲಿ, ನನ್ ಮಕ್ಳು ಕರ್ಪೂರ ಮುಟ್ಬಾರ್ದು' ಎಂದು ಮಾತು ತೆಗೆದುಕೊಂಡಳು. ನೀನಾಗ ಏಳು ವರ್ಷದವನು. ಅಷ್ಟು ಚಿಕ್ಕವನು ಕೊಟ್ಟ ಮಾತನ್ನು ಇಷ್ಟು ಗಟ್ಟಿಯಾಗಿ ಹಿಡಿಯಬೇಕಿತ್ತೇನೋ?

ಈಗ ಒಂದು ತಮಾಷೆ ಕೇಳು. ಕೋರ್ಟಿನಲ್ಲಿ ಆರೋಪಿಗೆ ಪ್ರಮಾಣ ಮಾಡಿಸುವುದಿಲ್ಲವಂತೆ. ಸಾಕ್ಷಿಗಳೆಲ್ಲ ಮುಗಿದ ಮೇಲೆ ಜಡ್ಜು ಕೇಳುವ ಪ್ರಶ್ನೆಗೆ ನೀನು ಉತ್ತರ ಕೊಟ್ಟರೂ ಆಯಿತು, ಸುಮ್ಮನೆ ನಿಂತರೂ ಆಯಿತು, ಸುಮ್ಮನೆ ನಿಂತದ್ದಕ್ಕೇ ಕಳ್ಳ ಎನ್ನುವಂತಿಲ್ಲ. 'ಕದ್ದಿದಾನೆ ಅಂತ ಸಾಬೀತು ಮಾಡೋದು ಅವರ ಕೆಲಸ ಅಕ್ಕ, ಕದ್ದಿಲ್ಲ ಅಂತ ತೋರ್ಸೋದು ನಿಮ್ಮ ತಮ್ಮನ ಕೆಲಸ ಅಲ್ಲ' ಎಂದರು ಜಬೀನ್ ಮೇಡಂ. ಅರಳಿಕಟ್ಟೆಯಲ್ಲಿ ಮೂರ್ತಿ 'ಮೌನಂ ಸಮ್ಮತಿ ಲಕ್ಷಣಂ' ಎಂದು ಮೀಸೆ ತಿರುವಿದ್ದು ನೆನಪಾಯಿತು. ಅಮ್ಮನ ಮಾತಿಗೆ ಹುಟ್ಟಿದೂರು ಕೊಡದ ಮರ್ಯಾದೆಯನ್ನು ಮುಖ ಪರಿಚಯವಿಲ್ಲದ ಕಾನೂನು ಕೊಟ್ಟಿದೆ. ಕೊಟ್ಟು ಏನು ಬಂತು? ಹಿಡಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂದೂ ಕಾನೂನಿದೆ. ನಿನ್ನನ್ನು ಎರಡು ದಿನ ಸ್ಟೇಷನ್ನಿನಲ್ಲಿ ಕೂರಿಸಿಕೊಂಡು ಮೂರನೆಯ ದಿನ ಹಿಡಿದೆವೆಂದು ಬರೆದರು. ಅಲ್ಲಿ ಹೊಡೆದು ಬರೆಸಿಕೊಂಡ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲವಂತೆ. ಆದರೆ ಹೊಡೆತ ಬಿದ್ದದ್ದು ಬಿದ್ದದ್ದೇ. ಮೂರನೆಯ ತಿಂಗಳಲ್ಲೇ ಜಾಮೀನು ಸಿಕ್ಕಿತು. ಪಹಣಿ ಇಟ್ಟು ಶ್ಯೂರಿಟಿ ನಿಲ್ಲುವವರು ಬೇಕು ಎಂದಾಗ ಊರಿನಲ್ಲಿ ಒಬ್ಬನೂ ಬರಲಿಲ್ಲ. ನಿನ್ನ ಭಾವನ ಕಾಲು ಹಿಡಿದೆ. 'ದೇವ್ರ ಕಳ್ಳಂಗೆ ನಮ್ ಜಮೀನ್ ಇಡ್ಲಾ?' ಎಂದರು. ನನ್ನ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ. ಹೀಗೆ ಜಾಮೀನು ಸಿಕ್ಕವನು ಎಂಟು ತಿಂಗಳಿಂದ ಒಳಗೇ ಇದ್ದೀಯ.

ನಿನ್ನ ಭಾವನ ಬಾಯಲ್ಲಿ ದೇವ್ರ ಕಳ್ಳ ಎಂಬ ಮಾತು ಬಂದಾಗ ನಾನು ಎದುರು ನಿಂತು ಹೇಳಬೇಕಾಗಿದ್ದದ್ದು ಒಂದೇ. ಕಳವಾದ ದಿನ ಪೂಜಾರಿ ಊಟಕ್ಕೆ ಹೋಗಿದ್ದ ಸಂಜೆ ಆರೂವರೆಯಿಂದ ಎಂಟರವರೆಗೆ ನೀನು ಗುಡಿಯ ಹತ್ತಿರ ಇರಲಿಲ್ಲ, ನನ್ನ ಜೊತೆ ಇದ್ದೆ. ಜಮೀನನ್ನು ಬ್ರೋಕರಿಗೆ ಕೊಡುವುದು ಬೇಡ ಎಂದದ್ದಕ್ಕೆ ಅವತ್ತು ನಿನ್ನ ಭಾವ ನೇಗಿಲಿನ ಮೇಣಿಯಿಂದ ಹೊಡೆದರು. ಸಿಂಚನ ಕಾಲೇಜಿನ ಟೂರಿಗೆ ಹೋಗಿದ್ದಳು. ಎಡಗೈಯಿಂದ ನಿನಗೆ ಫೋನು ಮಾಡಿದೆ. ಮಾತು ಮುಗಿಸಿ ಫೋನನ್ನು ಮತ್ತೆ ಚಾರ್ಜಿಗೆ ಸಿಕ್ಕಿಸಿ ಮರೆತು ಓಡಿ ಬಂದೆಯಲ್ಲ, ಗುಡಿಯಲ್ಲಿ ಸಿಕ್ಕಿದ್ದು ಅದೇ ಫೋನು. ಬೈಕಿನ ಹಿಂದೆ ಕೂರಿಸಿಕೊಂಡು ಹೊಸಕೋಟೆಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಟ್ಟದಿಂದ ಬಿದ್ದೆ ಎಂದು ಡಾಕ್ಟರಿಗೆ ನಾನೇ ಸುಳ್ಳು ಹೇಳಿದೆ, ಕರೆತಂದವರು ಎಂಬಲ್ಲಿ ನೀನು ರುಜು ಹಾಕಿದೆ. ಅಪ್ಪನ ಕೈ ಸುಳ್ಳು ಆಣೆಗೆ ಬಿತ್ತು, ನನ್ನದು ಯಾವ ಆಣೆಯನ್ನೂ ಮಾಡದೆ ಮುರಿಯಿತು.

ಪೊಲೀಸ್ ಜೀಪು ಹತ್ತುವಾಗ ನೀನು ನನ್ನ ಕಡೆ ತಿರುಗಿ 'ಅಕ್ಕ, ನೀನು ಸುಮ್ನಿರು' ಎಂದೆ. ವಕೀಲರಿಗೂ ಬಾಯಿ ಬಿಡಲಿಲ್ಲ. ನಾನು ಸುಮ್ಮನಿದ್ದೆ, ಹನ್ನೊಂದು ತಿಂಗಳು. ಮಗಳ ಮದುವೆ, ಮನೆಯ ಮಾನ ಎಂದು ನನಗೆ ನಾನೇ ಹೇಳಿಕೊಂಡೆ. ಹೊಡೆಯುವವನ ಮಾನ ಕಾಯಲು ಹೊಡೆತ ತಿಂದವಳು ಸುಮ್ಮನಿದ್ದಳು, ಅವಳನ್ನು ಕಾಯಲು ನೀನು ಜೈಲಿಗೆ ಹೋದೆ. ನಾನು ಮೂರ್ತಿಯನ್ನು ಬೈದೆ, ಪೊಲೀಸರನ್ನು ಬೈದೆ, ಊರಿಗೆಲ್ಲ ಶಾಪ ಹಾಕಿದೆ. ಅವರಿಗೆ ನಿಜ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ. ನನ್ನನ್ನು ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ, ಅದಕ್ಕೇ ಕೇಳುತ್ತಿಲ್ಲ.

ಕೆಮ್ಮಿಗೆ ಬಿಸಿನೀರು ಕುಡಿ, ಸಿಕ್ಕರೆ. ಕಳಿಸಿರುವ ಸ್ವೆಟರ್ ಹಾಕಿಕೋ, ಇನ್ನೊಬ್ಬನಿಗೆ ಕೊಟ್ಟು ಕರ್ಣನಾಗಬೇಡ. ಅಮ್ಮನ ಆಶೀರ್ವಾದ ನಿನ್ನ ತಲೆಯ ಮೇಲಿರಲಿ, ನನ್ನದು ಎಷ್ಟಕ್ಕೆ ಬರುತ್ತದೋ ಗೊತ್ತಿಲ್ಲ.

ಇಂತಿ ನಿನ್ನ ಅಕ್ಕ,
ಗಂಗಲಕ್ಷ್ಮಮ್ಮ

ಕೊನೆಯ ಮಾತು: ನಿನ್ನೆ ರಾಗಿ ಡ್ರಮ್ಮಿನೊಳಗೆ ಬಚ್ಚಿಟ್ಟಿದ್ದ ಆಸ್ಪತ್ರೆ ಚೀಟಿ ತೆಗೆದುಕೊಂಡು ಹೋಗಿ ಜಬೀನ್ ಮೇಡಂ ಕೈಗೆ ಕೊಟ್ಟೆ. ನಿನ್ನ ಪರ ಸಾಕ್ಷಿಯೆಂದು ನನ್ನ ಹೆಸರು ಕೊಟ್ಟಿದ್ದೇನೆ. ನನ್ನ ಸಾಕ್ಷಿ ಇಪ್ಪತ್ತನೇ ತಾರೀಖು ಶುಕ್ರವಾರ, ನಿಶ್ಚಿತಾರ್ಥಕ್ಕೆ ಎರಡು ದಿನ ಮೊದಲು. ಸಿಂಚನಳಿಗೆ ಹೇಳಿಲ್ಲ. ನಿನ್ನ ಭಾವನಿಗೆ ಕೋರ್ಟಿನಿಂದಲೇ ಗೊತ್ತಾಗಲಿ. ಸಾಕ್ಷಿ ಹೇಳುವವರು ಪ್ರಮಾಣ ಮಾಡಲೇಬೇಕಂತೆ. ಕರ್ಪೂರವಿಲ್ಲದಿದ್ದರೂ ಅದೂ ಆಣೆಯೇ, ಅಮ್ಮನಿಗೆ ಕೊಟ್ಟ ಮಾತು ನನ್ನಿಂದಲೇ ಮುರಿಯಲಿ. ಅವತ್ತು ನಿನ್ನನ್ನೂ ಕರೆತರುತ್ತಾರೆ. ಅಲ್ಲಿಂದ ನನ್ನ ಕಡೆ ನೋಡಿ ಬೇಡ ಎಂದು ತಲೆಯಾಡಿಸಬೇಡ. ಸುಮ್ಮನಿರುವ ಹಕ್ಕು ಕಾನೂನು ಕೊಟ್ಟಿರುವುದು ನಿನಗೆ ಕಣೋ, ನನಗಲ್ಲ.